ಜೂನ್ ಒಂದು

ಮೋಟಾರಿಗೆ ತಂತಿ ಸುತ್ತೋನು ಎಣಿಕೆ ತಪ್ಪಬಾರದು.
ಒಂದು ಸುತ್ತು ಹೆಚ್ಚುಕಮ್ಮಿಯಾದರೂ
ಮೂರನೇ ದಿನ ಸುಟ್ಟ ವಾಸನೆಯ ಜೊತೆ
ಗುತ್ತಲು ರಸ್ತೆಯ ಈ ಶೆಡ್ಡಿನ ಮುಂದೆ ಗಿರಾಕಿ ನಿಂತಿರುತ್ತಾನೆ.
ಇಪ್ಪತ್ತೆರಡು ವರ್ಷದಿಂದ ಎಣಿಸುತ್ತಿದ್ದೇನೆ.

ಹಾಗಾಗಿ ಬ್ಯಾಂಕಿನ ಹುಡುಗ, ಪರದೆಯಿಂದ ಕಣ್ಣೆತ್ತದೆ,
"ಸ್ಕೋರು ಐನೂರ ಎಂಬತ್ತೇಳು, ಲೋನ್ ಆಗಲ್ಲ" ಅಂದಾಗ
ಎಲ್ಲಿ ತಪ್ಪಿತು ಅಂತ ಬೆರಳು ಮಡಚಿದೆ.
ಮಗಳ ಫೀಸಿಗೆ ಇಟ್ಟ ಒಡವೆ, ಬಿಡಿಸಿದ್ದಾಯಿತು.
ಸೊಸೈಟಿ ಸಾಲ, ತೀರಿದ್ದಾಯಿತು.
ಉಳಿದದ್ದು ಪೇಟೆ ಬೀದಿಯಲ್ಲಿ ತಾಮ್ರದ ತಂತಿಯ ಬಾಕಿ,
ಅದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ.

ಸೈಬರ್ ಸೆಂಟರಿನ ಶಾಹೀನ ಏಳು ಪುಟ ತೆಗೆದುಕೊಟ್ಟಳು,
ಪುಟಕ್ಕೆ ಐದು ರೂಪಾಯಿ.
ನಾಲ್ಕನೆಯದರಲ್ಲಿ ನಾನು ಬೈಕ್ ಕೊಂಡಿದ್ದೆ.
ಅರವತ್ತೆಂಟು ಸಾವಿರ. ಹನ್ನೊಂದು ಕಂತು ಬಾಕಿ.
ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬಾರದ ನಾನು!
ಮಳವಳ್ಳಿಯಲ್ಲಿ ನನಗೊಂದು ಮನೆಯೂ ಇತ್ತು.
ಅಪ್ಪನ ಹೆಸರಿದ್ದ ಕಡೆ, ಲೇಟ್ ಬೋರಯ್ಯ.

ಬೈಕನ್ನು ಹೇಗೋ ಸಹಿಸಬಹುದಿತ್ತು.
ನಮ್ಮಪ್ಪ ಮರಿಮಾದಯ್ಯ.
ಶುಗರ್ ಫ್ಯಾಕ್ಟರಿಯ ಬಾಯ್ಲರ್ ಮುಂದೆ
ಮೂವತ್ತೊಂದು ಹಂಗಾಮು ಬೆವೆತವನು.
"ಅಂಕಲ್, ಹಾಳೆ ಗಟ್ಟಿಯಾಗಿ ಹಿಡ್ಕೊಳಿ, ಫ್ಯಾನ್ ಗಾಳಿಗೆ ಹಾರ್ತವೆ"
ಅಂದಳು ಶಾಹೀನ.

ನಮ್ಮ ಸೀಮೆಯಲ್ಲಿ ಹರಕೆ ಹೊತ್ತ ಮನೆಗೊಬ್ಬ ಸಿದ್ದಪ್ಪಾಜಿ.
ಕನ್ನಡದಲ್ಲಿ ಬರೆದರೆ ಒಂದೇ ಥರ.
ಇಂಗ್ಲಿಷಿನಲ್ಲಿ ಗುಮಾಸ್ತನಿಗೊಂದು ಥರ:
ಒಂದು ಡಿ, ಎರಡು ಡಿ, ನಡುವೆ ಎಚ್ಚು ತೂರಿಸಿದವರೂ ಉಂಟು.
ಹುಟ್ಟಿದ ದಿನ ಜೂನ್ ಒಂದು.
ಅವ್ವನಿಗೆ ಗೊತ್ತಿದ್ದದ್ದು ಇಷ್ಟೇ: ಅವತ್ತು ನಾಲೆಗೆ ನೀರು ಬಿಟ್ಟಿದ್ದರು.
ಮೇಷ್ಟ್ರು ನನ್ನ ಬಲಗೈಯನ್ನು ತಲೆ ಮೇಲಿಂದ ತಂದು
ಎಡಗಿವಿಗೆ ಮುಟ್ಟಿಸಿ, ಮುಟ್ಟಿತು ಬಿಡು ಅಂದು,
ತೋಚಿದ ತಾರೀಕು ಬರೆದುಕೊಂಡರು.
ಆ ಸಾಲಿನಲ್ಲಿ ಕಿವಿ ಮುಟ್ಟಿದ ಅಷ್ಟೂ ಮಕ್ಕಳು
ಒಂದೇ ದಿನ ಹುಟ್ಟಿದೆವು.
ಮಳವಳ್ಳಿ ಕಡೆಯೂ ಅಂಥ ಮೇಷ್ಟ್ರು ಇದ್ದಿರಬೇಕು.

ತಕರಾರು ಅರ್ಜಿ ಹಾಕಿದೆವು.
ಆಧಾರ್, ಪ್ಯಾನ್, ಅಪ್ಪನ ಪಿಂಚಣಿ ಪುಸ್ತಕ.
ಇಪ್ಪತ್ತೊಂಬತ್ತನೇ ದಿನ ಉತ್ತರ:
ಸಾಲ ಕೊಟ್ಟವರು ಪರಿಶೀಲಿಸಿದ್ದಾರೆ, ಮಾಹಿತಿ ಸರಿಯಾಗಿದೆ.
ಸರಿಯಾಗಿದೆ.
ನಾನು ಯಾರೆಂದು ನನಗೇ ಖಾತ್ರಿ ಮಾಡಿ ಕಳಿಸಿದ್ದರು.
"ಅತ್ಲಾಗೆ ಅಷ್ಟೂ ಕಟ್ಬುಟ್ಟು ಕೈ ತೊಳ್ಕಳಿ ಭಾವ" ಅಂದ ಬಾಮೈದ.
ಕಟ್ಟಿದರೆ ಬೋರಯ್ಯನ ಮಗನಾಗ್ತೀನಲ್ಲೋ, ಅಂದೆ.

ಮೈಸೂರಿಗೆ ಹೋದೆ. ಸಯ್ಯಾಜಿರಾವ್ ರಸ್ತೆ, ಮೂರನೇ ಮಹಡಿ,
ಲಿಫ್ಟ್ ಕೆಟ್ಟಿತ್ತು, ಅದರ ಮೋಟಾರ್ ಕೂಗು ಕೇಳಿದರೇ ಗೊತ್ತು ಯಾಕೆಂದು.
ಫೈಲು ತೆಗೆಸಿದೆ.
ಅರ್ಜಿಯಲ್ಲಿ ಪ್ಯಾನ್ ನಂಬರಿನ ಜಾಗ ಖಾಲಿ.
ಪಿನ್ನು ಹೊಡೆದ ಫೋಟೋದಲ್ಲಿ ಅವನು:
ಕಡುಗೆಂಪು ಶರ್ಟು, ಬೈಕಿಗೆ ಸೇವಂತಿಗೆ ಹಾರ,
ಕೀ ಎತ್ತಿ ಹಿಡಿದು ಹಲ್ಲೆಲ್ಲ ತೋರಿಸಿ ನಗುತ್ತಿದ್ದ.
"ಸ್ವಾಮಿ, ನನ್ನ ಮುಖ ನೋಡಿ" ಅಂದೆ.
ಇಷ್ಟು ದಿನದಲ್ಲಿ ಮೊದಲ ಸಲ
ಒಬ್ಬರು ನೋಡಿದರು.

ಮತ್ತೆ ನಲವತ್ತು ದಿನ.
ಬೈಕು ಹೋಯಿತು, ಮಳವಳ್ಳಿ ಹೋಯಿತು, ಅಪ್ಪ ವಾಪಸು ಬಂದ.
ಏಳುನೂರ ನಲವತ್ತೆರಡು.
ಸುತ್ತೋ ಮಿಷಿನ್ನು ಬಂದು ಮೂಲೆಯಲ್ಲಿ ಕೂತಿದೆ, ಕಂತು ನನ್ನದೇ.

ಅವನದ್ದೇನಾಯಿತೋ.
ನನ್ನ ಹೆಗಲಿಂದ ಇಳಿದದ್ದು ಅವನ ಮನೆ ಬಾಗಿಲಿಗೆ ಹೋಗಿರುತ್ತದೆ,
ಬೈಕ್ ಎಳೆದುಕೊಂಡು ಹೋದರೋ ಏನೋ.
ಜೂನ್ ಒಂದಕ್ಕೆ ಬ್ಯಾಂಕಿನವರು ಫೋನಿಗೆ ಶುಭಾಶಯ ಕಳಿಸಿದರು.
ಅವನಿಗೂ ಕಳಿಸಿರಬೇಕು.

ರಿಪೇರಿಗೆ ಬಂದ ಮೋಟಾರಿನ ಮೇಲೆ ಮೊದಲೆಲ್ಲ ಸೀಮೆಸುಣ್ಣದಲ್ಲಿ
ಮಾದೇಶ, ಎರಡು ಎಚ್‌ಪಿ ಅಂತ ಗೀಚಿ ಬಿಡುತ್ತಿದ್ದೆ.
ನಿನ್ನೆ ಹೊಸ ಹುಡುಗ ಹಾಗೇ ಗೀಚಿದ.
ಯಾವ ಮಾದೇಶನೋ? ಯಾರ ಮಗ? ಕೇಳ್ಕೊಂಡು ಬಾ, ಅಂದೆ.
ಸುಣ್ಣ ಹಿಡಿದೇ ಓಡಿದ.
ಅಷ್ಟರಲ್ಲಿ ಗಿರಾಕಿ ಬಸ್ಸು ಹತ್ತಿಯಾಗಿತ್ತು.